ತ್ರಿವೇಣಿಯ ಪರದೆಯ ಮೇಲೆ ನಮ್ಮ ಮುಯ್ಯಾಳು

ನಿಗಡಿ, ಪುಣೆ

ತಂಗಿ ನಾಗವ್ವನಿಗೆ ಅಕ್ಕನ ಆಶೀರ್ವಾದ. ನಿನ್ನ ಯಜಮಾನ ಮಲಕಪ್ಪನವರ ಮೊಣಕಾಲು ನೋವು ಇಳಿಯಿತೇ? ನಿನ್ನ ಮಗ ಮಾಂತುವಿನ ಕೆಮ್ಮು? ನನ್ನ ಬಿ.ಪಿ. ಹದಕ್ಕೆ ಬಂದಿದೆ, ಚಿಂತೆ ಬೇಡ.

ನಿನ್ನೆ ಮೊಮ್ಮಗಳು ತ್ರಿವೇಣಿ ತನ್ನ ಕಾಲೇಜಿಗೆ ಕರೆದೊಯ್ದಿದ್ದಳು. ಕಾರ್ಖಾನೆ, ಕಾಲೇಜು, ಸಂಶೋಧನಾ ಸಂಸ್ಥೆ ಮೂರೂ ಕೂಡಿ ಹೊಸದನ್ನು ಕಂಡುಹಿಡಿಯುವುದು ಹೇಗೆಂದು ಅವಳು ಕಂಪ್ಯೂಟರಿನಲ್ಲಿ ಆಡಿಸಿ ನೋಡುತ್ತಾಳೆ. ಪರದೆಯ ಮೇಲೆ ಆ ಮೂರಕ್ಕೂ ಮೂರು ಬಣ್ಣದ ಚುಕ್ಕೆಗಳು. ಗೊತ್ತಿದ್ದದ್ದನ್ನು ಬಚ್ಚಿಟ್ಟುಕೊಂಡಾಗ ದೂರ ದೂರ ಸರಿದವು. ಹೊಸ ನಿಯಮ ಹಾಕಿದಳು ನೋಡು, ಎಲ್ಲ ಒಂದೆಡೆ ಕೂಡಿದವು. ಇಂಗ್ಲಿಷಿನ ನಡುವೆ ಆ ನಿಯಮದ ಹೆಸರು ಕೇಳಿ ನನ್ನ ಕಿವಿ ನಿಮಿರಿತು: ಮುಯ್ಯಾಳು! ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಸೂಟಿಗೆ ಊರಿಗೆ ಬಂದಾಗ ನಿನ್ನ ಜೋಳದ ಹೊಲದಲ್ಲಿ ಕಂಡದ್ದನ್ನು ಹುಡುಗಿ ಮರೆತಿಲ್ಲ. ಕುಳಿತ ಕುರ್ಚಿಯಲ್ಲೇ ನಾನು ಒಂದು ಗೇಣು ಎತ್ತರವಾದೆ.

ನೋಡಲು ಬಂದಿದ್ದ ಕಾರ್ಖಾನೆಯ ಸಾಹೇಬರು ಮರಾಠಿಯಲ್ಲಿ, "ಮುಯ್ಯಿ ತೀರಿಸಬೇಕಾದವನೇ ಜಡ್ಡು ಬಿದ್ದು ಮಲಗಿದರೆ?" ಎಂದು ಕೇಳಿದರು. ಇವಳು, "ಕೇಳಿ ಹೇಳುತ್ತೇನೆ" ಎಂದಳು. ಮುಂದಿನ ತಿಂಗಳು ಅವರು ಮತ್ತೆ ಬರುತ್ತಾರೆ; ಒಪ್ಪಿದರೆ ಮೂವರೂ ಕೂಡಿ ನಿಜವಾಗಿಯೇ ಕೆಲಸ ಶುರು. ನಾನು ಉತ್ತರ ಹೇಳಹೋದರೆ, "ನೀ ಸುಮ್ನಿರು ಆಯಿ. ಹೊಲ ಮಾಡಿದಾಕಿ ನಿನ್ನ ತಂಗಿ ಸಣ್ಣಾಯಿ, ನೀ ಬರೇ ಬುತ್ತಿ ಉಂಡಾಕಿ" ಎಂದು ಬಾಯಿ ಮುಚ್ಚಿಸಿದಳು.

ಮುಯ್ಯಿಗೆ ಬರಬೇಕಾದವರು ಜಡ್ಡು ಬಿದ್ದಾಗ ನೀವು ಏನು ಮಾಡುತ್ತಿದ್ದಿರಿ? ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ಮಾಂತುವಿನ ಕೈಯಲ್ಲಾದರೂ ಬರೆಸಿ ಬೇಗ ಕಾರ್ಡು ಹಾಕು, ಪುಣೆಯ ಸಾಹೇಬರು ನಿನ್ನ ಉತ್ತರಕ್ಕೆ ಕಾದಿದ್ದಾರೆ.

ನಿನ್ನ ಅಕ್ಕ,
ಕಾಶವ್ವ