ಕಾಲುವೆ ಮೆಟ್ಟಿಲ ಮೇಲಿನ ತಾಯಿ

ಸೂಜೌ
ಮೇ ೪, ೨೦೦೯

ಮುದ್ದು ತಮ್ಮ ಗಂಜೂರ,

ಅಮ್ಮ, ನೀನು, ನಾದಿನಿ, ಹೊಸ ಕುರಿಮರಿಗಳು ಎಲ್ಲರೂ ಸುಖವೆಂದು ನಂಬಿದ್ದೇನೆ. ತಲುಪಿದ ದಿನವೇ ಬರೆಯುತ್ತೇನೆಂದು ಹೇಳಿ ಬಂದವಳು ಮೂರು ವಾರ ಸುಮ್ಮನಿದ್ದೆ. ಬೈದುಕೊಂಡಿದ್ದರೆ ತಪ್ಪಿಲ್ಲ.

ಇಲ್ಲಿ ನಸುಕಿನಲ್ಲೇ ಕ್ಯಾಮೆರಾ ಹಿಡಿದು ಸೇತುವೆ ಪಕ್ಕ ಕೂರುತ್ತೇನೆ. ಹೆಂಗಸರು ಹಿತ್ತಿಲ ಮೆಟ್ಟಿಲಿಳಿದು ಕಾಲುವೆಯಲ್ಲಿ ಬಟ್ಟೆ ಜಾಲಿಸುವಾಗ ನೀರಿನ ಬೆಳಕು ಅವರ ಮುಖದ ಮೇಲೆ ಕುಣಿಯುತ್ತದೆ. ನನ್ನ ಕುದುರೆಗಳ ಚಿತ್ರಗಳಿಗಿಂತ ಇವು ಚೆನ್ನಾಗಿ ಬಂದಿವೆ. ನಾನೇ ಹೇಳಿಕೊಳ್ಳುತ್ತಿದ್ದೇನೆ, ಬೇರೆಯವರು ಹೊಗಳುವವರೆಗೆ ಕಾಯುವ ವಯಸ್ಸೇ ಇದು?

ದೋಣಿ ನಡೆಸುವ ಲಿಯಾನ್ ಗೆಳತಿಯಾಗಿದ್ದಾಳೆ. ಮೊದಲ ದಿನವೇ ನನ್ನನ್ನು ದಿಟ್ಟಿಸಿ, "ಏನಕ್ಕಾ, ಮುಖ ನೋಡಿದ್ರೆ ನಮ್ಮೂರೋರು, ಮಾತು ಕೇಳಿದ್ರೆ ಈಗಷ್ಟೇ ಕುದುರೆ ಇಳಿದೋರ ಥರ ಇದೀರ!" ಎಂದಳು.

"ಎರಡೂ ನಿಜಾನೇ. ಐವತ್ತು ವರ್ಷದ ಹಿಂದೆ, ಬರಗಾಲದಲ್ಲಿ, ಈ ಕಡೆಯ ಅನಾಥಾಲಯಗಳಿಂದ ಉತ್ತರದ ಹುಲ್ಲುಗಾವಲಿಗೆ ರೈಲಲ್ಲಿ ಕೂಸುಗಳನ್ನ ಕಳಿಸಿದ್ರಲ್ಲ, ಅದರಲ್ಲಿ ನಾನೂ ಒಬ್ಬಳು."

ಹುಟ್ಟು ಹಾಕುತ್ತಿದ್ದ ಅವಳ ಕೈ ನಿಂತಿತು. "ನಮ್ಮಮ್ಮನೂ ಆ ವರ್ಷ ಒಂದು ಹೆಣ್ಣುಕೂಸನ್ನ ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಬಂದ್ಳು. ಮನೆಗೆ ಬನ್ನಿ ಅಕ್ಕಾ."

ಹೋದೆ. ಎಂಬತ್ತರ ಹತ್ತಿರದ ಆ ತಾಯಿ ಕಾಲುವೆಯ ಮೆಟ್ಟಿಲ ಮೇಲೆ ಕೂತು ಕಾಳು ಬಿಡಿಸುತ್ತಿದ್ದಳು. ಒಂದು ಚಿತ್ರ ತೆಗೆಯಲೇ ಎಂದರೆ, "ಈ ಸುಕ್ಕುಮುಖ ಯಾರಿಗೆ ಬೇಕು?" ಎಂದು ಗದರಿದಳು. ಮರುಕ್ಷಣವೇ, "ತಡಿ, ತಲೆ ಬಾಚ್ಕೊಂಡು ಬರ್ತೀನಿ," ಎಂದು ಒಳಗೆ ಹೋದಳು! ಲಿಯಾನ್ ಕ್ಯಾಮೆರಾ ಕಸಿದುಕೊಂಡು ನಮ್ಮಿಬ್ಬರನ್ನೂ ಒಟ್ಟಿಗೆ ತೆಗೆದಳು. ಸ್ವಲ್ಪ ಅಲುಗಿದೆ, ಆದರೂ ಕಾಗದದ ಜೊತೆ ಅದನ್ನೇ ಇಟ್ಟಿದ್ದೇನೆ.

ಮುಂದಿನ ವಾರ ಹೊರಡುತ್ತೇನೆ. ಅಮ್ಮನ ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡುವುದನ್ನು ತಪ್ಪಿಸಬೇಡ. ನೀಲಿ ಆಕಾಶ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಅಕ್ಕ,
ಒಯುನಾ

ಮ.ವಿ.: ಇಲ್ಲಿಂದ ಮುಂದಿನದನ್ನು ಅಮ್ಮನೆದುರು ಗಟ್ಟಿಯಾಗಿ ಓದಬೇಡ. ನಾನೂ ಆ ತಾಯಿಯೂ ರಕ್ತ ಪರೀಕ್ಷೆ ಮಾಡಿಸಿದೆವು. ನಿನ್ನೆ ಉತ್ತರ ಬಂತು. ನಾನು ಅವಳ ಮಗಳಲ್ಲ. ಆಗಿರಲಿ ಎಂದು ಎಷ್ಟು ಆಸೆಪಟ್ಟಿದ್ದೆನೆಂಬುದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ. ಲಿಯಾನ್ ಅತ್ತಳು, ನಾನೂ ಅತ್ತೆ. ಮುದುಕಿ ಮಾತ್ರ ಅಳಲಿಲ್ಲ. ನನ್ನ ಕೈ ಹಿಡಿದು, "ಅಲ್ಲಿ ಹೊಟ್ಟೆತುಂಬ ಹಾಕ್ತಿದ್ರಾ, ಮಗಾ?" ಎಂದು ಕೇಳಿದಳು.

"ಒಂದು ದಿನಾನೂ ಹಸ್ಕೊಂಡು ಮಲಗಿಲ್ಲಮ್ಮ. ಹೆತ್ತ ಮಗನಿಗಿಂತ ಮೊದಲು ನನಗೇ ಹಾಲು ಕೊಡ್ತಿದ್ಳು ನಮ್ಮಮ್ಮ."

ಮುದುಕಿ ನನ್ನ ಅಂಗೈ ಸವರಿದಳು. "ಹಾಗಾದ್ರೆ ನನ್ನೋಳಿಗೂ ಅಂಥ ಒಬ್ಬಳು ಸಿಕ್ಕಿರ್ತಾಳೆ," ಎಂದಳು.

ಗಂಜೂರ, ಈ ಒಂದು ಮಾತನ್ನು ಮಾತ್ರ ಅಮ್ಮನಿಗೆ ಓದಿ ಹೇಳು.