ಏನೂ ಆಗಬೇಕಿಲ್ಲದ ಮರ

ಮಾರ್ಚ್ 4, ಸೋಮವಾರ

ಡ್ಯೂಟಿ ಮುಗಿಸಿ ಬಂದವಳು ಸೀದಾ ಶೆಡ್ಡಿಗೆ. ಚಹಾ ಆಮೇಲೆ. ನಿನ್ನೆಯ ಮರದ ಬಟ್ಟಲು ಅರ್ಧಕ್ಕೆ ನಿಂತಿತ್ತು, ಮುಗಿಸಿದೆ. ಅಂಚು ಒಂದು ಕಡೆ ತುಸು ಸೊಟ್ಟ. ಇರಲಿ. ವಾರ್ಡಿನಲ್ಲಿ ದಿನವಿಡೀ ಎಲ್ಲವೂ ನೆಟ್ಟಗಿರಬೇಕು — ಔಷಧಿ, ಚಾರ್ಟು, ಡಾಕ್ಟರ ಮೂಡು. ಇಲ್ಲಿ ತಿರುಗುವ ಮರಕ್ಕೆ ಉಳಿ ತಾಗಿಸಿದರೆ ಸಾಕು, ಸುರುಳಿ ಸುರುಳಿ ಸಿಪ್ಪೆ ಹಾರಿ ತಲೆಯ ಮೇಲೆ, ಜೇಬಿನೊಳಗೆ, ಒಮ್ಮೊಮ್ಮೆ ಬಾಯಿಗೂ. ಕುತ್ತಿಗೆಯ ಬಿಗಿ ತಾನಾಗಿ ಇಳಿಯುತ್ತದೆ.

ದಪ್ಪ ತುಂಡು ಹಾಕಿದರೆ ಮಾತ್ರ ಮರ ತಿರುಗಿಸುವ ಈ ಲೇತ್ ನಡುಗುತ್ತಾ ಬಾಗಿಲ ಕಡೆ ಸರಿಯುತ್ತದೆ. ಮರಳಿನ ಚೀಲ ಹೇರಿದರೂ ಅಷ್ಟೇ. ಅದಕ್ಕೂ ಮನೆ ಬಿಟ್ಟು ಓಡುವ ಆಸೆ.

ಮಾರ್ಚ್ 9, ಶನಿವಾರ

ಅಣ್ಣ ಬಂದಿದ್ದ. ಫರ್ನಿಚರ್ ಅಂಗಡಿಯ ಮಾಲೀಕ. ಯಾರ ಮನೆಗೆ ಹೋದರೂ ಮೊದಲು ಕುರ್ಚಿ ಮಗುಚಿ ನೋಡುವವನು. ಕಪಾಟಿನಲ್ಲಿದ್ದ ನನ್ನ ಬಟ್ಟಲುಗಳನ್ನೂ ಮಗುಚಿ ನೋಡಿದ.

"ಅಂಗಡಿಗೆ ಅರವತ್ತು ಬೇಕು ಕಣೇ. ಎಲ್ಲಾ ಒಂದೇ ಥರ. ಗಿರಾಕಿಗೆ ಮಾತು ಕೊಟ್ಟಾಗಿದೆ."

"ನನ್ನ ಕೇಳದೆ?"

"ನಿನ್ನ ಕೇಳೋದೇನು? ಲೇತ್ ಕೊಡಿಸಿದ್ದು ಯಾರು?"

ಅವನೇ. ನನ್ನ ಐವತ್ತನೇ ಹುಟ್ಟುಹಬ್ಬಕ್ಕೆ. "ಇನ್ನಾದ್ರೂ ಸ್ವಲ್ಪ ಆರಾಮಾಗಿರು" ಅಂತ ತಲೆ ಸವರಿ ಕೊಟ್ಟಿದ್ದ. ಅದಕ್ಕೇ ನೋಡೋಣ ಅಂದುಬಿಟ್ಟೆ.

ಮಾರ್ಚ್ 16, ಶನಿವಾರ

ಅಣ್ಣನ ಅರವತ್ತರಲ್ಲಿ ಮೂರನೆಯ ಬಟ್ಟಲು. ಮೊದಲನೆಯದನ್ನು ಎದುರಿಗಿಟ್ಟುಕೊಂಡು ಅಳೆದು, ಕೊರೆದು, ಮತ್ತೆ ಅಳೆದು... ತಳ ಹತ್ತಿರವಾದಾಗ ಸಾಮಾನ್ಯವಾಗಿ ಕಿವಿ ಹೇಳುತ್ತದೆ. ಮರ ತೆಳುವಾದಷ್ಟೂ ಉಳಿಯ ಸದ್ದು ಕೀರಲು. ಇವತ್ತು ಕಿವಿಯ ಮಾತು ಕೇಳಿದವರಾರು? ಕಣ್ಣು, ಮನಸ್ಸು ಎರಡೂ ಮಾದರಿಯ ಮೇಲೆ. ತಳ ತೂತು. ಬಟ್ಟಲು ಹೋಗಿ ಆಲಿಕೆಯಾಯಿತು. ಕುತ್ತಿಗೆ ವಾರ್ಡಿನಲ್ಲಿರುವುದಕ್ಕಿಂತ ಬಿಗಿ.

ಮೊದಲು ನಗು ಬಂತು. ಆಮೇಲೆ ಸಿಟ್ಟು. ಇದೊಂದು ಜಾಗದಲ್ಲಿ ನಾನು ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ಇದನ್ನೂ ಡ್ಯೂಟಿ ಮಾಡಿಟ್ಟರೆ ನನಗೆ ಅಂತ ಉಳಿಯುವುದೇನು?

ಫೋನ್ ಮಾಡಿದೆ. "ಅಣ್ಣಾ, ಅರವತ್ತಲ್ಲ, ಆರೂ ಇಲ್ಲ. ನಾನು ಮಾಡಲ್ಲ."

"ಹಾಗಾದ್ರೆ ಲೇತ್ ಅಲ್ಲಿ ಸುಮ್ನೆ ಯಾಕೆ? ಮಾಡೋರನ್ನ ಇಟ್ಕೊಂಡು ಮಾಡಿಸ್ತೀನಿ. ನಾಳೆ ಬಿಟ್ಟು ಮುಂದಿನ ಭಾನುವಾರ ಟೆಂಪೋ ತರ್ತೀನಿ."

ಇವರು ಪೇಪರಿನ ಹಿಂದೆ ಅಡಗಿದರು. ಅಣ್ಣ-ತಂಗಿ ಜಗಳದಲ್ಲಿ ತಲೆ ಹಾಕಿ ಹಿಂದೊಮ್ಮೆ ಕೈ ಸುಟ್ಟುಕೊಂಡಿದ್ದಾರೆ ನನ್ನ ಯಜಮಾನರು.

ಮಾರ್ಚ್ 19, ಮಂಗಳವಾರ

ಗಾರೆ ಕೆಲಸದವನನ್ನು ಕರೆಸಿದೆ. ನೆಲ ಅಗೆದು ಲೇತ್‌ನ ಕಬ್ಬಿಣದ ಕಾಲುಗಳನ್ನು ಇಳಿಸಿ ಕಾಂಕ್ರೀಟ್ ಹಾಕು ಅಂದೆ.

"ಸಿಸ್ಟರ್, ಆಮೇಲೆ ಎತ್ತೋಕಾಗಲ್ಲ ನೋಡಿ."

"ಗೊತ್ತು. ಅದಕ್ಕೇ."

ಹೇಗೂ ನಡುಗುತ್ತಿತ್ತಲ್ಲ. ನನ್ನ ಮೊಣಕೈಗೆ ಎತ್ತರವೂ ತುಸು ಹೆಚ್ಚಾಗಿತ್ತು, ಸರಿಹೋಯಿತು.

ಮಾರ್ಚ್ 24, ಭಾನುವಾರ

ಬಂದ. ಟೆಂಪೋ, ಇಬ್ಬರು ಹಮಾಲರು. ಎತ್ತಿದರು. ಜಗ್ಗಿದರು. ಒಬ್ಬ ಬಗ್ಗಿ ನೋಡಿ ನಗತೊಡಗಿದ. "ಸಾರ್, ಇದು ಬರಬೇಕು ಅಂದ್ರೆ ಮನೇನೂ ಜೊತೆಗೆ ಬರುತ್ತೆ."

ಅಣ್ಣನ ಮುಖ ನೋಡಬೇಕಿತ್ತು. "ಏನೇ ಇದು?"

"ಕೊಟ್ಟಿದ್ದು ಕೊಟ್ಟಿದ್ದೇ ಅಣ್ಣಾ. ಆರಾಮಾಗಿರು ಅಂತ ನೀನೇ ಕೊಟ್ಟೆ. ಆರಾಮಾಗಿರ್ತೀನಿ."

ಹಮಾಲರನ್ನು ಕಳಿಸಿದ. ತಾನು ಹೋಗಲಿಲ್ಲ, ಸ್ಟೂಲಿನ ಮೇಲೆ ಕೂತ. ಅವನೆದುರೇ, ಇದ್ದುದರಲ್ಲಿ ಒಳ್ಳೆಯ ತುಂಡನ್ನು ಆರಿಸಿ ಲೇತ್‌ಗೆ ಹಾಕಿದೆ. ಲೇತ್ ನಡುಗಲಿಲ್ಲ. ತೊಡೆ ಗಾತ್ರದ್ದು ಮುಂಗೈ ಗಾತ್ರವಾಯಿತು, ಮುಂಗೈ ಹೋಗಿ ಬೆರಳು, ಬೆರಳು ಹೋಗಿ ಕಡ್ಡಿ. ಕಡ್ಡಿ ಟಕ್ಕೆಂದು ಮುರಿಯಿತು. ಕಾಲ ಬುಡದಲ್ಲಿ ಸುರುಳಿಗಳ ರಾಶಿ. ಮನಸ್ಸಿಗೆ ಅಷ್ಟು ಹಗುರ ಈ ವರ್ಷದಲ್ಲೇ ಅನಿಸಿರಲಿಲ್ಲ.

"ಏನಾಯ್ತು ಇದು?" ಅಂದ.

"ಏನೂ ಆಗ್ಲಿಲ್ಲ. ಆಗಬೇಕಾಗೂ ಇರ್ಲಿಲ್ಲ."

"ಒಳ್ಳೇ ಮರ ಹಾಳು ಮಾಡ್ದೆ." ಅಂದವನು ಒಂದು ಸುರುಳಿ ಎತ್ತಿ ಬೆರಳಿಗೆ ಸುತ್ತಿಕೊಂಡ. ಬಿಡಿಸಿದ. ಮತ್ತೆ ಸುತ್ತಿಕೊಂಡ. ಹೊರಡುವಾಗಲೂ ಅದು ಬೆರಳಲ್ಲೇ ಇತ್ತು. ನಾನು ಹೇಳಲಿಲ್ಲ.

ಏಪ್ರಿಲ್ 14, ಭಾನುವಾರ, ಬೆಳಿಗ್ಗೆ

ಆವತ್ತಿನಿಂದ ಅಣ್ಣನ ಫೋನಿಲ್ಲ. ನಾನೂ ಮಾಡಲಿಲ್ಲ. ಬೇಜಾರಿದೆ, ಸುಳ್ಳೇಕೆ ಹೇಳಲಿ. ಆದರೆ ಸೋಲುವಷ್ಟು ಬೇಜಾರಲ್ಲ. ತಳ ತೂತಾದ ಬಟ್ಟಲನ್ನು ಇವರು ಅಡುಗೆಮನೆಗೆ ಒಯ್ದು ಅದರ ಮೂಲಕ ಬಾಟಲಿಗೆ ಎಣ್ಣೆ ಸುರಿಯುತ್ತಿದ್ದಾರೆ. ತುಂಬಾ ಅನುಕೂಲವಂತೆ.

ಗೇಟು ಸದ್ದಾಯಿತು. ಕಿಟಕಿಯಿಂದ ಇಣುಕಿದೆ — ಅಣ್ಣ. ಟೆಂಪೋ ಇಲ್ಲ. ಹಳೇ ಅಂಗಿ ಹಾಕಿಕೊಂಡಿದ್ದಾನೆ. ಕಂಕುಳಲ್ಲಿ ಒಂದು ಮರದ ತುಂಡು, ತೊಗಟೆ ಸಮೇತ.

ಬಟ್ಟಲು ಮಾಡಿಕೊಡು ಅಂದರೆ ಬಂದ ದಾರಿ ಹಿಡಿಯಲಿ. ಸುಮ್ಮನೆ ಅಂತ ಬಂದಿದ್ದರೆ ಉಳಿ ಅವನ ಕೈಗೇ ಕೊಡುತ್ತೇನೆ.