ಗಂಗಿಯ ಕಿವಿ

ಶಿಗ್ಲಿ
೧೮ ಫೆಬ್ರವರಿ ೨೦೨೪, ರವಿವಾರ

ಸಭೆಯ ಅಧ್ಯಕ್ಷತೆ ವಹಿಸಿ ಮಲಗಿರುವ ಶ್ರೀಮತಿ ಶಿವಲಕ್ಷ್ಮಿಯವರೇ, ಪಕ್ಕದಲ್ಲಿ ಬುಸುಗುಡುತ್ತಿರುವ ಉಸಿರಾಟದ ಯಂತ್ರದವರೇ, ಈ ಪತ್ರವನ್ನು ಅಕ್ಕನ ಕಿವಿಯಲ್ಲಿ ಓದುತ್ತಿರುವ ತಂಗಿ ಸೌಂದರ್ಯಾ ಅವರೇ, ಊರ ಸಮಾರಂಭಗಳ ಖಾಯಂ ನಿರೂಪಕನ ನಮಸ್ಕಾರಗಳು.

ಲಕ್ಷ್ಮೀ, ಹೇಗಿದ್ದೀ? ಉತ್ತರಕ್ಕೆ ಅವಸರವಿಲ್ಲ. ಗಂಟಲಲ್ಲಿ ನಳಿಗೆ ಇದೆ, ರೆಪ್ಪೆ ಎತ್ತಲು ಬಾರದು, ಆದರೆ ಎಲ್ಲ ಕೇಳಿಸುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಮದುವೆಯಾದಂದಿನಿಂದ ನೀನು ನಡುವೆ ಬಾಯಿ ಹಾಕದೆ ನನ್ನ ಭಾಷಣ ಕೇಳುತ್ತಿರುವುದು ಇದೇ ಮೊದಲು.

ಎಲ್ಲ ಆ ರಂಜಕದ ಚಟ್ನಿಯಿಂದಲೇ ಆದದ್ದಂತೆ. ನನ್ನ ಬಿಪಿಗೆಂದು ಉಪ್ಪು ಕಡಿಮೆ ಮಾಡಿ, ನನ್ನ ಹೊಟ್ಟೆಯುರಿಗೆಂದು ಲಿಂಬಿಹುಳಿ ಬಿಟ್ಟು, ಹಸಿ ಕೆಂಪು ಮೆಣಸಿನಕಾಯಿ ಬೆಳ್ಳುಳ್ಳಿ ಅರೆದು, ಮೇಲೆ ಎಣ್ಣೆ ಹೊಯ್ದು ಭರಣಿಯ ಬಾಯಿ ಬಿಗಿದಿಟ್ಟೆಯಲ್ಲ, ಗಾಳಿಯಾಡದ ಅದರೊಳಗೆ ವಿಷ ಹುಟ್ಟಿತಂತೆ. ಬಣ್ಣ ಕೆಡಲಿಲ್ಲ, ವಾಸನೆ ಬರಲಿಲ್ಲ. ನಾನೋ ತಾಟಿಗೆ ಹಾಕಿಸಿಕೊಳ್ಳುವ ಮೊದಲೇ, “ಬಿಪಿಯವಗ ಸಪ್ಪನ್ನ ಊಟ, ಮ್ಯಾಲ ಹೇಣ್ತಿ ಕಾಟ” ಎಂದು ಪ್ರಾಸ ಕಟ್ಟಿದೆ. “ನೀವು ಪದಾನ ಉಣ್ರಿ, ನಾ ರಂಜಕ ಉಣತೀನಿ” ಅಂದವಳು ರೊಟ್ಟಿಗೆ ಹಚ್ಚಿ ಹಚ್ಚಿ ನೀನೇ ತಿಂದೆ. ಮರುದಿನ ನನ್ನನ್ನು ನೋಡಿ, “ಯಾಕ್ರಿ, ನೀವು ಇಬ್ಬಿಬ್ಬರು ಕಾಣಾಕತ್ತೀರಿ” ಎಂದೆ. ಒಬ್ಬನನ್ನು ಸಂಭಾಳಿಸುವುದೇ ಸಾಕಾಗಿದೆ ಅಂತಿದ್ದೆಯಲ್ಲ ಎಂದು ನಾನು ನಕ್ಕೆ.

ಇನ್ನು ಮನೆಯ ಖಬರು. ಅವ್ವ ಆರಾಮ ಇದ್ದಾಳೆ. ನಿನ್ನ ತವರು ಡಂಬಳದಿಂದ ಬಂದ ಗಂಗಿಯೂ ಆರಾಮ. ನನ್ನ ಕೈಗೆ ಹಾಲು ಕೊಡಲು ಒಲ್ಲದು, ಒದೆಯಾದರೆ ಧಾರಾಳ. “ಸೊಸಿ ಬರೂತನಕ ಇದು ಹಿಂಗ ನೋಡ್ಲೇ, ನಿನ್ನ ಪದಕ್ಕ ಆಕಳೂ ಮರುಳಾಗೂದಿಲ್ಲ” ಎಂದು ಅವ್ವ ನಗುತ್ತಾಳೆ. ನೀನು ಬಂದು ಹಿಂಡುವವರೆಗೆ ನಮ್ಮದು ಕರಿ ಚಹಾ.

ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಂತೆ ತಿಳಿ ಎಂದಿದ್ದಾಳೆ. ಸಭೆ ಮುಗಿಯಿತು.

ನಿನ್ನ
ಸಿದ್ದರಾಮ

ತಾ.ಕ.: ಸೌಂದರ್ಯಾ, ಬಿಡಬೇಡ, ಇದನ್ನೂ ಓದು. ಲಕ್ಷ್ಮೀ, ಗಂಗಿ ಇಲ್ಲ. ಗುರುವಾರ ಸತ್ತಿತು. ನಿನ್ನನ್ನು ಹುಬ್ಬಳ್ಳಿಗೆ ಒಯ್ದ ದಿನ, ಕಾರಣ ಇನ್ನೂ ಗೊತ್ತಿಲ್ಲದಾಗ, ಮಾಡಿದ್ದು ದಂಡ ಆಗಬಾರದೆಂದು ಅವ್ವ ಭರಣಿಯಲ್ಲಿ ಉಳಿದಿದ್ದನ್ನೆಲ್ಲ ಮುಸುರೆಯಲ್ಲಿ ಕಲಸಿ ಅದಕ್ಕೆ ಕುಡಿಸಿದ್ದಳು. ಮೊದಲು ಹಿಂಗಾಲು ಹೋದವು, ಆಮೇಲೆ ನಾಲಿಗೆ ಹೊರಬಿತ್ತು. ಅವ್ವ ಖಾಲಿ ಗೋದಲಿಯ ಮುಂದಿನಿಂದ ಏಳುತ್ತಿಲ್ಲ, ತುತ್ತು ಮುಟ್ಟುತ್ತಿಲ್ಲ. ಅದಕ್ಕೇ ನಾನು ಅಲ್ಲಿಗೆ ಬಂದಿಲ್ಲ. ರೆಪ್ಪೆ ಮುಚ್ಚಿದ ಮೇಲೂ ನಿನ್ನ ಹೆಸರು ಹೇಳಿದರೆ ಗಂಗಿ ಕಿವಿ ಆಡಿಸುತ್ತಿತ್ತು. ಹೇಳುತ್ತಲೇ ಇದ್ದೆ. ಆಮೇಲೆ ಆಡಿಸಲಿಲ್ಲ. ನಿನ್ನೆಯಿಂದ ನಿನ್ನ ಬೆರಳು ಆಡುತ್ತಿಲ್ಲ ಎಂದು ಸೌಂದರ್ಯಾ ಫೋನ್ ಮಾಡಿದ್ದಳು. ಇಷ್ಟು ಹೊತ್ತು ಸಭೆ ನಡೆಸಿದ್ದು ಅದಕ್ಕೇ. ಇನ್ನು ಪ್ರಾಸ ಬರುತ್ತಿಲ್ಲ ಲಕ್ಷ್ಮೀ. ನನಗ ಭಾಳ ಅಂಜಿಕಿ ಆಗೇತಿ.